ಬಾಯಿಂದ ಬೆರಳಿಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ ನಾಟಕ ಆಡುವುದೆಂದರೆ ಮೊದಲು ಪೇಟಿ ಮಾಸ್ತರು ಬರಬೇಕು. ರಾತ್ರಿ ಊಟವಾದ ಮೇಲೆ ಗುಡಿಯ ಕಟ್ಟೆಯಲ್ಲೋ ಶಾಲೆಯ ಕೋಣೆಯಲ್ಲೋ ತಾಲೀಮು. ಮಾಸ್ತರು ಒಂದು ಸಾಲು ಹಾಡಿ, ಅದನ್ನೇ ಪೇಟಿಯ ಮೇಲೆ ನುಡಿಸುತ್ತಾರೆ. ಪಾತ್ರಧಾರಿ ತಿರುಗಿ ಹಾಡುತ್ತಾನೆ. ತಪ್ಪಿದರೆ ಮತ್ತೊಮ್ಮೆ, ಮಗದೊಮ್ಮೆ. ಹಗಲೆಲ್ಲ ಹೊಲದಲ್ಲಿ ದುಡಿದು ಬಂದವನಿಗೆ ಸ್ವರಲಿಪಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಬಾಯಿಗೆ ಕೂತ ಹಾಡು ರಂಗದ ಮೇಲೆ ಕೈ ಕೊಡುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಇದೇ ತಾಲೀಮನ್ನು ಅಮೆರಿಕದ ಜಾಝ್ ಕಲಾವಿದರೂ ತಮ್ಮದೇ ದಾರಿಯಲ್ಲಿ ಕಂಡುಕೊಂಡರು. ಬೀಬಾಪ್ ಎಂಬ ಜಾಝ್ ಶೈಲಿಯ ಸ್ಯಾಕ್ಸೊಫೋನ್ ಸೋಲೊಗಳನ್ನು ಗಿಟಾರಿನ ಮೇಲೆ ಕಲಿಯಲು ಹೊರಟ ನಮ್ಮ ಗುಂಪಿಗೆ ಈ ಹೋಲಿಕೆ ನಿಧಾನವಾಗಿ ಅರಿವಿಗೆ ಬಂತು. ಆ ವಿದ್ಯೆ ಎಲ್ಲಿ ಹುಟ್ಟಿತು, ಯಾರ ಯಾರ ಕೈ ದಾಟಿತು ಎಂದು ಹುಡುಕುತ್ತ ಹೋದರೆ ದಾರಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಂದ ಬಂಟ್ವಾಳಕ್ಕೂ ಬರುತ್ತದೆ.

ಬೀಬಾಪ್‌ನ ದೊಡ್ಡ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹುಟ್ಟಿದ್ದು 1920ರಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ. 1937ರ ಬೇಸಿಗೆಯಲ್ಲಿ, ಇನ್ನೂ ಹದಿನೇಳು ತುಂಬದ ಹುಡುಗ, ಓಝಾರ್ಕ್ ಬೆಟ್ಟಗಳ ಕಡೆ ಒಂದು ವಾದ್ಯಗೋಷ್ಠಿಯೊಂದಿಗೆ ಹೋದ. ಜತೆಗೆ ಲೆಸ್ಟರ್ ಯಂಗ್ ನುಡಿಸಿದ ಗ್ರಾಮಫೋನ್ ತಟ್ಟೆಗಳಿದ್ದವು. ಬಿಡುವಿದ್ದಾಗಲೆಲ್ಲ ಅವನ್ನು ಹಾಕಿ ಕೇಳಿ, ಒಂದೊಂದು ಸೋಲೊವನ್ನೂ ಇಡಿಯಾಗಿ ಬಾಯಿಪಾಠ ಮಾಡಿದ. ಯಂಗ್ ನುಡಿಸುತ್ತಿದ್ದುದು ಟೆನರ್ ಸ್ಯಾಕ್ಸೊಫೋನ್, ಪಾರ್ಕರನದು ಆಲ್ಟೊ. ಅಂದರೆ ಒಂದು ವಾದ್ಯದ ಮಾತನ್ನು ಇನ್ನೊಂದರ ಮೇಲೆ ಆಡಿಸುವ ಕೆಲಸ ಅಲ್ಲಿಯೇ ಶುರುವಾಗಿತ್ತು. ಆ ಬೇಸಿಗೆ ಮುಗಿಸಿ ಬಂದವನ ನುಡಿಸಾಣಿಕೆ ಕೇಳಿ ಊರವರು ಬೆರಗಾದರು.

ಗಿಟಾರ್ ಕೂಡ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ಒಂಟಿ ಸ್ವರಗಳ ಉದ್ದ ಸಾಲುಗಳನ್ನು ಎಳೆದಾಗ, ಕೇಳಿದವರಿಗೆ ಸ್ಯಾಕ್ಸೊಫೋನ್ ಕೇಳಿದಂತಾಯಿತು. ಅವನೂ ಲೆಸ್ಟರ್ ಯಂಗ್‌ನ ಅಭಿಮಾನಿಯೇ. ಅಲ್ಲಿಯವರೆಗೆ ತಂಡದ ಹಿಂದೆ ಕೂತು ಕಾರ್ಡ್ ಬಾರಿಸುತ್ತಿದ್ದ ವಾದ್ಯಕ್ಕೆ ಮುಂದೆ ಬಂದು ಮಾತಾಡುವ ಧೈರ್ಯ ಬಂತು. 1941ರಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ನಲ್ಲಿ, ಬೀಬಾಪ್ ಕುದಿಯುತ್ತಿದ್ದ ಆ ರಾತ್ರಿಗಳಲ್ಲಿ, ಅವನು ನುಡಿಸಿದ್ದು ಇಂದಿಗೂ ಧ್ವನಿಮುದ್ರಣದಲ್ಲಿದೆ. ಮರುವರ್ಷವೇ, ಇಪ್ಪತ್ತೈದರ ಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ. ಗಿಟಾರ್ ಹಿಡಿದವರು ಇಂದು ಪಾರ್ಕರನ ಬಾಗಿಲಿಗೆ ಹೋಗುವುದು ಹೊಸ ಸಾಹಸವೇನಲ್ಲ, ಆ ಹುಡುಗ ಹಾಕಿಕೊಟ್ಟ ದಾರಿ ಅದು.

ಹೀಗೆ ಕೇಳಿ ಕಲಿಯುವ ಪದ್ಧತಿಗೆ ಒಂದು ಶಿಸ್ತು ತಂದವರಲ್ಲಿ ಲೆನ್ನಿ ಟ್ರಿಸ್ಟಾನೊ ಹೆಸರು ದೊಡ್ಡದು. 1946ರಲ್ಲಿ ನ್ಯೂಯಾರ್ಕಿಗೆ ಬಂದ ಈ ಪಿಯಾನೊ ವಾದಕರಿಗೆ ಕಣ್ಣು ಕಾಣುತ್ತಿರಲಿಲ್ಲ. ಲೀ ಕೋನಿಟ್ಜ್, ವಾರ್ನ್ ಮಾರ್ಷ್ ಅವರ ಶಿಷ್ಯರು; ಬಿಲ್ಲಿ ಬಾವರ್ ಎಂಬ ಗಿಟಾರ್ ವಾದಕರೂ ಆ ಬಳಗದವರು. ಟ್ರಿಸ್ಟಾನೊ ಅವರ ನೇಮ ಇದು: ಲೆಸ್ಟರ್ ಯಂಗ್ ಅಥವಾ ಪಾರ್ಕರ್‌ನ ಸೋಲೊ ಕಲಿಯಬೇಕೆ, ಮೊದಲು ತಟ್ಟೆಯ ಜತೆ ಹಾಡು, ಆಮೇಲೆ ತಟ್ಟೆಯಿಲ್ಲದೆ ಹಾಡು, ಕೊನೆಗೆ ವಾದ್ಯ ಮುಟ್ಟು. ಸ್ವರದ ತೂಕ, ಉಸಿರಿನ ಜಾಗ, ತಡವರಿಕೆ ಎಲ್ಲವೂ ಗಂಟಲಲ್ಲಿ ಬರಬೇಕು. ಇದನ್ನು ಓದಿದಾಗ ನನಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಕಿವಿಯಿಂದಲೇ ವಿದ್ಯೆ ಕೊಟ್ಟ ಜಾಗ ಅದು. ಪುಟ್ಟರಾಜರು ಹಾಡುಗಾರಿಕೆಯ ಜತೆಗೆ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಕಂಠದಲ್ಲಿ ಗಟ್ಟಿಯಾದದ್ದು ಯಾವ ವಾದ್ಯಕ್ಕಾದರೂ ಇಳಿಯುತ್ತದೆ ಎಂಬುದಕ್ಕೆ ನಮ್ಮ ಭಾಗದವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದೆ 1972ರಲ್ಲಿ ಸೂಪರ್‌ಸ್ಯಾಕ್ಸ್ ಎಂಬ ತಂಡ ಹುಟ್ಟಿ, ಐದು ಸ್ಯಾಕ್ಸೊಫೋನುಗಳು ಸೇರಿ ಪಾರ್ಕರನ ಸೋಲೊಗಳನ್ನು ಕೃತಿಗಳಂತೆ ನುಡಿಸಿದವು. 1978ರಲ್ಲಿ ಅವನ ಸೋಲೊಗಳ ಸ್ವರಲಿಪಿ ಪುಸ್ತಕ 'ಆಮ್ನಿಬುಕ್' ಬಂತು. ಪುಸ್ತಕದಿಂದ ಉಪಕಾರವಾಯಿತು, ನಿಜ. ಆದರೆ ಪುಸ್ತಕ ನೋಡಿ ಕಲಿತವನ ಬೆರಳಿಗೂ ಕೇಳಿ ಕಲಿತವನ ಬೆರಳಿಗೂ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಈಗ ಬಂಟ್ವಾಳಕ್ಕೆ. ಕದ್ರಿ ಗೋಪಾಲನಾಥರು 1949ರಲ್ಲಿ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು, ಮಗನಿಗೂ ಮೊದಲು ಹಿಡಿಸಿದ್ದು ಅದನ್ನೇ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಪಾಠವಾಯಿತು. ಟಿ.ವಿ.ಜಿ. ಹಾಡುಗಾರರೂ ಮೃದಂಗ ವಿದ್ವಾಂಸರೂ ಹೌದು, ಸ್ಯಾಕ್ಸೊಫೋನ್ ವಾದಕರಲ್ಲ. ಇದು ಗಮನಿಸಬೇಕಾದ ಸಂಗತಿ. ಕೀಲಿ ಒತ್ತಿದರೆ ಒಂದೇ ಸ್ವರ ಕೊಡುವಂತೆ ಕಟ್ಟಿದ ವಾದ್ಯದಲ್ಲಿ ಗಮಕ ತರಬೇಕಾದರೆ ತುಟಿ, ದವಡೆ, ಉಸಿರನ್ನು ಹಾಡುಗಾರನ ಹಾಗೆ ಪಳಗಿಸಬೇಕು. ಅದಕ್ಕೆ ಗುರುವಾಗಬೇಕಾದದ್ದು ಕಂಠವೇ. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಾವೂ ಜತೆಗೂಡಿ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ವೇದಿಕೆ ಏರಿದ ಮೊದಲ ಕರ್ನಾಟಕ ಸಂಗೀತಗಾರರಾದರು. 2019ರಲ್ಲಿ ಅವರು ತೀರಿಕೊಂಡಾಗ ನಮ್ಮ ಕಡೆ ಕರ್ನಾಟಕ ಸಂಗೀತದ ಗಂಧ ಗಾಳಿ ಇಲ್ಲದವರೂ ಮರುಗಿದ್ದನ್ನು ನೋಡಿದ್ದೇನೆ.

ಪಾರ್ಕರ್ ಮತ್ತು ಕದ್ರಿ ಇಬ್ಬರೂ ಕೂಡುವುದು ಒಂದು ಕನ್ನಡ ಮನೆತನದ ಮಗನಲ್ಲಿ. ರುದ್ರೇಶ ಮಹಾಂತಪ್ಪ. ಹೆಸರು ಕೇಳಿದರೆ ಲಿಂಗಸುಗೂರಿನ ಯಾವುದೋ ಓಣಿಯವರು ಅನಿಸುತ್ತದೆ. ಹುಟ್ಟಿದ್ದು 1971ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದದ್ದು ಅಮೆರಿಕದ ಕೊಲರಾಡೊದ ಬೌಲ್ಡರ್‌ನಲ್ಲಿ. ತಂದೆ ಭೌತಶಾಸ್ತ್ರದ ಪ್ರಾಧ್ಯಾಪಕರು. ಹುಡುಗನಾಗಿದ್ದಾಗಲೇ ಪಾರ್ಕರ್ ಹುಚ್ಚು ಹಿಡಿದು ಆಲ್ಟೊ ಸ್ಯಾಕ್ಸೊಫೋನ್ ಕಲಿತರು. ವಿದ್ಯಾರ್ಥಿಯಾಗಿದ್ದಾಗ ಸೋದರ ತಮಾಷೆಗೆಂದು ಕೊಟ್ಟ ಧ್ವನಿಮುದ್ರಣ ಕದ್ರಿಯವರ 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್'. ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ತಂದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಕರಾಚಿಯಲ್ಲಿ ಹುಟ್ಟಿದ ರೆಜ್ ಅಬ್ಬಾಸಿಯವರ ಗಿಟಾರ್ ಅದರಲ್ಲಿವೆ. ಅದೇ ವರ್ಷದ 'ಆಪ್ತಿ'ಯಲ್ಲಿ ರುದ್ರೇಶ, ಅಬ್ಬಾಸಿ, ತಬಲಾದ ಡ್ಯಾನ್ ವೈಸ್ ಮೂವರೇ. ಸ್ಯಾಕ್ಸೊಫೋನ್ ಮತ್ತು ಗಿಟಾರ್ ಒಂದೇ ಸಾಲನ್ನು ಒಂದೇ ಉಸಿರಿನಲ್ಲಿ ನುಡಿಸುವುದೆಂದರೆ ಏನೆಂದು ತಿಳಿಯಬೇಕಾದವರು ಅದನ್ನು ಕೇಳಬೇಕು. 2015ರ 'ಬರ್ಡ್ ಕಾಲ್ಸ್' ಪೂರ್ತಿ ಪಾರ್ಕರನ ಋಣದ ಕೆಲಸ. ಪಾರ್ಕರನ ಸಾಲುಗಳನ್ನು ಬಿಡಿಸಿ, ಒಂದರಿಂದ ಲಯ, ಇನ್ನೊಂದರಿಂದ ಸ್ವರ ತೆಗೆದು ಹೊಸದಾಗಿ ಕಟ್ಟಿದ್ದಾರೆ. ನಕಲು ಮಾಡಿ ಕಲಿಯುವುದರಿಂದ ಸ್ವಂತಿಕೆ ಹೋಗುತ್ತದೆ ಎನ್ನುವವರಿಗೆ ನಾನು ಆ ಸಂಗೀತವನ್ನೇ ತೋರಿಸುತ್ತೇನೆ.

ಇನ್ನು ನಮ್ಮ ಗುಂಪಿನ ಮಾತು. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಊರುಗಳು. ನಡುವಿನದು ಎಂದು ಭಾನುವಾರ ಮಸ್ಕಿಯಲ್ಲಿ ಸೇರುತ್ತೇವೆ. ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ಹಿಡಿದವರು, ಚರ್ಚಿನಲ್ಲಿ ನುಡಿಸುವವರು, ಜತೆಗೆ ಹಳೆಯ ಪೇಟಿ ಮಾಸ್ತರೊಬ್ಬರು. ಕಾಲುವೆ ಕೆಳಗಿನ ಭತ್ತದ ಕೊಯ್ಲು ಬಂತೆಂದರೆ ಗುಂಪು ತೆಳ್ಳಗಾಗುತ್ತದೆ.

ಕೈಗೆತ್ತಿಕೊಂಡದ್ದು 'ನೌಸ್ ದ ಟೈಮ್'. 1945ರ ನವೆಂಬರ್ 26ರಂದು ಸವಾಯ್ ಕಂಪನಿಗಾಗಿ ಪಾರ್ಕರ್ ನುಡಿಸಿದ್ದು. ಹನ್ನೆರಡು ಬಾರಿನ, ಅಂದರೆ ತಾಳದ ಹನ್ನೆರಡು ಅಳತೆಗಳ, ಬ್ಲೂಸ್; ಷಡ್ಜ ನಮ್ಮ ಪೇಟಿಯ ಬಿಳಿ ನಾಲ್ಕು. ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತಾದ್ದರಿಂದ ಸೋಲೊ ಚಿಕ್ಕದು, ಕಲಿಯುವವರ ಪುಣ್ಯ. ಹಿಂದಿನವರು ತಟ್ಟೆಯನ್ನು ಅರ್ಧ ವೇಗಕ್ಕೆ ಇಳಿಸಿದರೆ ಶ್ರುತಿಯೂ ಒಂದು ಸ್ಥಾಯಿ ಕೆಳಗಿಳಿಯುತ್ತಿತ್ತು. ನಮ್ಮ ಮೊಬೈಲು ಶ್ರುತಿ ಕೆಡಿಸದೆ ನಿಧಾನ ಮಾಡುತ್ತದೆ.

ಮೊದಲ ನಾಲ್ಕು ಬಾರಿನಲ್ಲಿ ಹಿಂದಿನ ಕಾರ್ಡು ಶುದ್ಧ ಗಾಂಧಾರವನ್ನು ಹೊತ್ತಿರುತ್ತದೆ. ಐದನೆಯದಕ್ಕೆ ಆಸರೆ ಮಧ್ಯಮಕ್ಕೆ ಸರಿದು ಕೋಮಲ ಗಾಂಧಾರ ಬೇಡುತ್ತದೆ. ಎರಡೂ ಗಾಂಧಾರ ಇರುವ ಜೋಗ್ ರಾಗ ಗೊತ್ತಿದ್ದ ಮಾಸ್ತರಿಗೆ ಇದು ಕಷ್ಟವಾಗಲಿಲ್ಲ. ಷಡ್ಜ ಕದಲದಿದ್ದರೂ ಕೆಳಗಿನ ನೆಲ ಸರಿಯುತ್ತದೆ ಎಂಬುದನ್ನು ಮಾತ್ರ ಅವರು ಬಹಳ ಹೊತ್ತು ಯೋಚಿಸಿದರು. ಪಾರ್ಕರ್ ಎಷ್ಟೋ ಸಲ ಬೇಕಾದ ಸ್ವರಕ್ಕೆ ನೇರ ಹೋಗುವುದಿಲ್ಲ. ಮೇಲಿನದೊಂದು, ಕೆಳಗಿನದೊಂದು ಮುಟ್ಟಿ, ಆಮೇಲೆ ನಡುವೆ ಇಳಿಯುತ್ತಾನೆ. ಸ್ಯಾಕ್ಸೊಫೋನಿನಲ್ಲಿ ಅವು ಒಂದೇ ಉಸಿರಿನಲ್ಲಿ ಜಾರಿ ಬರುತ್ತವೆ. ಗಿಟಾರಿನಲ್ಲಿ ಪ್ರತಿ ಸ್ವರಕ್ಕೂ ಪ್ಲೆಕ್ಟ್ರಮ್ ಬಡಿದರೆ ಟೈಪ್‌ರೈಟರಿನ ಸದ್ದು. ಹಾಗಾಗಿ ಒಂದನ್ನು ಬಡಿದು, ಮುಂದಿನದನ್ನು ಎಡಗೈ ಬೆರಳಿನಿಂದಲೇ ತಟ್ಟಿಯೋ ಜಾರಿಸಿಯೋ ತರಬೇಕು. ಒಂದೇ ಸ್ವರ ಎರಡು ಮೂರು ತಂತಿಗಳಲ್ಲಿ ಸಿಗುವುದರಿಂದ, ಯಾವ ತಂತಿಯಲ್ಲಿ ಹಿಡಿದರೆ ಈ ಜಾರು ಒದಗುತ್ತದೆಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಎಲ್ಲಕ್ಕಿಂತ ಕಠಿಣವಾದದ್ದು ನಿಲ್ಲುವುದು. ಗಿಟಾರಿಗೆ ಉಸಿರು ಬೇಡ, ಆದ್ದರಿಂದ ನುಡಿಸುವವನು ಸುಮ್ಮನೆ ಓಡುತ್ತಾನೆ. ಸಿಂಧನೂರಿನಿಂದ ಬರುವ ಹುಡುಗನೊಬ್ಬ ನನ್ನನ್ನು ತಡೆದು, "ಅಣ್ಣಾ, ಅಲ್ಲಿ ಉಸುರು ತಗಾರಿ. ಅವ ಬಿಟ್ಟಾನ, ನೀವು ಬಿಡವಲ್ರಿ" ಎಂದ. ಅಂದಿನಿಂದ ಗಿಟಾರುಗಳನ್ನು ಗೋಡೆಗೆ ಒರಗಿಸಿ, ಸೋಲೊವನ್ನು ಮೊದಲು ಎಲ್ಲರೂ ಹಾಡುತ್ತೇವೆ. ಮಾಸ್ತರು ಪೇಟಿಯಲ್ಲಿ ಶ್ರುತಿ ಹಿಡಿಯುತ್ತಾರೆ. ಹಾಡುವಾಗ ಉಸಿರು ತಾನಾಗಿ ಮುಗಿಯುತ್ತದೆ, ಮುಗಿದ ಕಡೆಯೇ ಪಾರ್ಕರನೂ ನಿಂತಿರುತ್ತಾನೆ.

ಸ್ವರಲಿಪಿ ಬರೆದಿಟ್ಟುಕೊಳ್ಳಬೇಕೆ ಎಂಬ ವಾದ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಬೇಕು ಎನ್ನುವವರ ಮಾತಿನಲ್ಲಿ ಹುರುಳಿದೆ, ಕೊಯ್ಲಿಗೆ ಹೋಗಿ ಬಂದವರಿಗೆ ಮರೆತಿರುತ್ತದೆ. ಸದ್ಯಕ್ಕೆ ಒಪ್ಪಿಕೊಂಡದ್ದು, ಪೂರ್ತಿ ಹಾಡಲು ಬಂದ ಮೇಲಷ್ಟೇ ಬರೆಯುವುದು. ಮುಂದಿನದು 'ಬಿಲೀಸ್ ಬೌನ್ಸ್'. ಅದೂ ಅದೇ ದಿನ ಧ್ವನಿಮುದ್ರಣವಾದದ್ದು, ಅದೂ ಹನ್ನೆರಡು ಬಾರಿನ ಬ್ಲೂಸ್, ಅದೂ ಬಿಳಿ ನಾಲ್ಕೇ. ಮಾಸ್ತರು ಪೇಟಿಯ ಶ್ರುತಿ ಬದಲಿಸಬೇಕಿಲ್ಲ.