ಮನೆಬಾಗಿಲಿಗೆ ಬರುವ ಬೆಸುಗೆಗಾರ

ನಮ್ಮ ಉಮರಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಈಗ ಮನೆಯ ಕಬ್ಬಿಣ ಮುರಿದರೆ ಕುಲುಮೆಯ ಕಡೆಗೆ ನೋಡುವವರು ಕಡಿಮೆ. ಮೋಟಾರು ಸೈಕಲ್ಲಿನ ಹಿಂದೆ ಸಣ್ಣ ಪೆಟ್ಟಿಗೆ ಕಟ್ಟಿಕೊಂಡು, ಹೆಗಲಿಗೆ ತಂತಿಯ ಸಿಂಬಿ ಹಾಕಿಕೊಂಡು ಬರುವ ವೆಲ್ಡಿಂಗಿನವನಿಗೆ ಫೋನು ಮಾಡುವದೇ ರೂಢಿಯಾಗಿದೆ. ಕೆಲವರು ಸಣ್ಣ ಸರಕು ಗಾಡಿಯಲ್ಲಿ ಜನರೇಟರನ್ನೂ ಹೇರಿಕೊಂಡು ಬರುತ್ತಾರೆ. ಗೇಟಿನ ತಿರುಗಣಿ, ಕಿಟಕಿಯ ಸರಳು, ಟ್ರ್ಯಾಕ್ಟರಿನ ಟ್ರಾಲಿಯ ಕೊಂಡಿ, ಎಮ್ಮೆಯ ಗೋದಲಿಯ ಚೌಕಟ್ಟು ಎಲ್ಲವೂ ಅಂಗಳದಲ್ಲಿಯೇ ನೆಟ್ಟಗಾಗುತ್ತವೆ. ಹಿಂದೆ ಇಷ್ಟಕ್ಕೆ ಬಂಡಿ ಕಟ್ಟಿಕೊಂಡು ಸಂತೆಯ ಊರಿಗೆ ಹೋಗಿ ಒಂದು ದಿನ ಕಳೆಯಬೇಕಾಗುತ್ತಿತ್ತು. ಅನುಕೂಲ ದೊಡ್ಡದೇ ಅಹುದು. ಆದರೆ ಆತನಿಗೆ ಯಾವ ಕೆಲಸ ಕೊಡಬೇಕು, ಯಾವದನ್ನು ಕೊಡಬಾರದು, ಕೊಟ್ಟ ಮೇಲೆ ಏನು ನೋಡಿಕೊಳ್ಳಬೇಕು ಎಂಬದನ್ನು ಬಲ್ಲವರು ಸ್ವಲ್ಪ.

ನಮ್ಮ ಭಾಗದ ಮನೆಗಳಿಗೆ ಇಷ್ಟು ಕಬ್ಬಿಣ ಬಂದುದಕ್ಕೆ ಒಂದು ಕಾರಣವುಂಟು. ೧೯೯೩ನೆಯ ಸಪ್ಟೆಂಬರ ೩೦ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದಾಗ, ಕಿಲ್ಲಾರಿ, ಸಾಸ್ತೂರಗಳ ಕಡೆ ಭೂಮಿ ನಡುಗಿತು. ಮಣ್ಣಿನಲ್ಲಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆಗಳೂ, ಅವುಗಳ ಮೇಲಿನ ಮಣ್ಣಿನ ಮಾಳಿಗೆಯೂ ಕೂಡಿಯೇ ಕುಸಿದು ಸಾವಿರಾರು ಜನ ಸತ್ತರು. ಅಂದಿನಿಂದ ಮಾಳಿಗೆಯ ಭಾರಕ್ಕೆ ಜನ ಹೆದರಿದರು. ತಲೆಯ ಮೇಲೆ ಹಗುರಾದ ಪತ್ರೆ ಇರಲಿ, ಅದರ ಕೆಳಗೆ ಕಬ್ಬಿಣದ ಕೋನಪಟ್ಟಿ ಇರಲಿ ಎಂದರು. ವಿಚಾರ ಸರಿಯಾದದ್ದೇ. ಹಗುರಾದ ಛಾವಣಿ ಭೂಕಂಪಕ್ಕೆ ಒಳ್ಳೆಯದು. ಆದರೆ ಗಾಳಿಗೆ ಅದೇ ಕೆಟ್ಟದ್ದು. ಈ ಎರಡನೆಯ ಮಾತನ್ನು ನಾವು ಮರೆತಿದ್ದೇವೆ.

ವೈಶಾಖದ ಬಿರುಗಾಳಿಗೆ ಪತ್ರೆ ಹಾರಬಾರದೆಂದು ನಾವು ಮಾಡುವದೇನು? ಮೇಲೆ ಕಲ್ಲು ಹೇರುತ್ತೇವೆ. ಯಾವ ಊರಿಗೆ ಹೋದರೂ ಪತ್ರೆಯ ಮೇಲೆ ಸಾಲುಗಲ್ಲು ಕಾಣುವದು. ದೊಡ್ಡ ಗಾಳಿ ಬಂದಾಗ ಪತ್ರೆ ಏಳುತ್ತದೆ, ಕಲ್ಲು ಮಲಗಿದವರ ಮೇಲೆ ಬೀಳುತ್ತದೆ. ಹೀಗೆ ಮಕ್ಕಳು ಸತ್ತ ಸುದ್ದಿಯನ್ನು ಮರಾಠವಾಡದ ಪತ್ರಿಕೆಗಳಲ್ಲಿ ಬೇಸಗೆಯಲ್ಲಿ ಓದುತ್ತಲೇ ಇರುತ್ತೇವೆ. ಮಾಳಿಗೆಯ ಮಣ್ಣನ್ನು ಇಳಿಸಿ ಅದೇ ತಲೆಯ ಮೇಲೆ ಕಲ್ಲು ಏರಿಸಿದರೆ ಏನು ಗಳಿಸಿದಂತಾಯಿತು?

ಆದುದರಿಂದ ಬೆಸುಗೆಗಾರನನ್ನು ಕರೆಸಿದ ದಿನ ಮೊದಲ ಕೆಲಸ ಇದಾಗಲಿ: ಕಲ್ಲು ಇಳಿಸುವದು. ಪತ್ರೆಯನ್ನು ಅಡ್ಡಪಟ್ಟಿಗೆ ಕೊಕ್ಕೆಯ ಬೋಲ್ಟುಗಳಿಂದ ಬಿಗಿಸಬೇಕು. ಅಂಗಡಿಯಲ್ಲಿ ಇದಕ್ಕೆ ಜೆ-ಹುಕ್ ಎನ್ನುತ್ತಾರೆ. ತೂತನ್ನು ಪತ್ರೆಯ ಉಬ್ಬಿನ ಮೇಲೆ ಕೊರೆಯಬೇಕೇ ಹೊರತು ತಗ್ಗಿನಲ್ಲಿ ಕೊರೆಯಬಾರದು, ತಗ್ಗಿನಲ್ಲಿ ನೀರು ಹರಿಯುತ್ತದೆ. ಬೋಲ್ಟಿನ ಕೆಳಗೆ ರಬ್ಬರಿನ ಬಿಲ್ಲೆ ಇರಬೇಕು. ಗಾಳಿ ಮೊದಲು ಹಿಡಿಯುವದು ಅಂಚನ್ನು. ಅಲ್ಲಿ ಒಂದು ಬಿಟ್ಟು ಒಂದು ಉಬ್ಬಿಗೆ ಕೊಕ್ಕೆ ಬೇಕು, ನಡುವೆ ಸ್ವಲ್ಪ ದೂರವಿದ್ದರೆ ನಡೆದೀತು. ಪತ್ರೆ ಅಡ್ಡಪಟ್ಟಿಗೆ ಬಿಗಿದರೆ ಸಾಲದು, ಅಡ್ಡಪಟ್ಟಿ ಕೈಮರಕ್ಕೆ, ಕೈಮರದ ಕಾಲು ಗೋಡೆಗೆ ಬಿಗಿಯಬೇಕು. ಎಷ್ಟೋ ಮನೆಗಳಲ್ಲಿ ಕಬ್ಬಿಣದ ಕೈಮರ ಗೋಡೆಯ ಮೇಲೆ ಸುಮ್ಮನೆ ಕುಳಿತಿರುತ್ತದೆ. ಗೋಡೆಯ ತಲೆಯಲ್ಲಿ ಕಾಂಕ್ರೀಟಿನ ಪಟ್ಟಿ ಇದ್ದರೆ ಅದರಲ್ಲಿ ಬೋಲ್ಟು ಹೂಳಿ, ಕೈಮರದ ಕಾಲಿಗೆ ತಟ್ಟೆ ಬೆಸೆದು, ಎರಡನ್ನೂ ಕೂಡಿಸಬೇಕು. ಬೆಸುಗೆ ನಿಜವಾಗಿ ಬೇಕಾದ ಜಾಗ ಇದೇ. ಪತ್ರೆಗೆ ಬೆಸುಗೆ ಹಾಕಿಸಲು ಹೋಗಬಾರದು. ಅರ್ಧ ಮಿಲಿಮೀಟರಿನ ತಗಡು ಕಡ್ಡಿ ತಗಲಿದೊಡನೆ ಕರಗಿ ತೂತಾಗುತ್ತದೆ.

ಕಲ್ಲುಗೋಡೆಯಲ್ಲಿ ಹೊಸ ಕಬ್ಬಿಣದ ಬಾಗಿಲು, ಕಿಟಕಿ ಕೂಡಿಸುವವರಿಗೂ ಒಂದು ಮಾತು. ಬಾಗಿಲಿನ ಮೇಲಿನ ಲಿಂಟೆಲ್ ಪಟ್ಟಿಯನ್ನು, ಚೌಕಟ್ಟು ಎತ್ತರವಾಯಿತೆಂದು, ಎಂದೂ ಕಡಿಯಿಸಬೇಡಿರಿ. ಚೌಕಟ್ಟನ್ನೇ ಗಿಡ್ಡ ಮಾಡಿಸಿರಿ.

ಇನ್ನು ವಿದ್ಯುತ್ತು. ಹಳೆಯ ಟ್ರಾನ್ಸ್‌ಫಾರ್ಮರ ಯಂತ್ರವನ್ನು ಎತ್ತಲು ಇಬ್ಬರು ಬೇಕು. ಈಗಿನ ಇನ್ವರ್ಟರ ಯಂತ್ರ ಐದರಿಂದ ಹತ್ತು ಕಿಲೋ, ಅಷ್ಟೇ. ಈ ತಿರುಗುವ ಕಸುಬು ಬೆಳೆದದ್ದೇ ಅದರಿಂದ. ೨.೫ ಮಿಲಿಮೀಟರಿನ ಕಡ್ಡಿಗೆ ೬೦ರಿಂದ ೯೦, ೩.೧೫ರ ಕಡ್ಡಿಗೆ ೯೦ರಿಂದ ೧೩೦ ಆಂಪಿಯರ ಪ್ರವಾಹ ಸಾಕು. ಚಿಕ್ಕ ಕಡ್ಡಿಯಾದರೂ ಮನೆಯ ತಂತಿಯಿಂದ ಹತ್ತು ಹದಿನೈದು ಆಂಪಿಯರ ಎಳೆದೇ ಎಳೆಯುತ್ತದೆ. ದೀಪದ ತೆಳು ತಂತಿಗೆ ಇದನ್ನು ಸಿಕ್ಕಿಸಿದರೆ ಗೋಡೆಯೊಳಗಿನ ತಂತಿ ಸುಟ್ಟೀತು. ಮೀಟರಿನ ಹತ್ತಿರದಿಂದಲೇ ದಪ್ಪ ತಂತಿ ಎಳೆಯಿಸಿರಿ, ಇಲ್ಲವೆ ಜನರೇಟರು ತರುವವನನ್ನು ಕರೆಯಿರಿ. ಕಂಬದ ತಂತಿಗೆ ಆಕಡಾ ಹಾಕುವ ರೂಢಿ ನಮ್ಮ ಕಡೆ ಹೊಸದಲ್ಲ. ೨೦೦೩ರ ವಿದ್ಯುತ್ ಕಾಯದೆಯ ೧೩೫ನೆಯ ಕಲಮಿನ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಸೆರೆಯುಂಟು. ಸೆರೆಗಿಂತ ಮೊದಲು ಸಾವು ಬರಬಹುದು ಎಂಬದು ಬೇರೆ. ಮಳೆಗಾಲದಲ್ಲಿ ನಮ್ಮ ಎರೆಮಣ್ಣು ತಿಂಗಳುಗಟ್ಟಲೆ ಹಸಿಯಾಗಿರುತ್ತದೆ. ಒಣ ಹಲಗೆಯ ಮೇಲೆ, ಕಾಲಲ್ಲಿ ಬೂಟು ಇಟ್ಟುಕೊಂಡು ನಿಂತ ಹೊರತು ಆಗ ಕೆಲಸ ಮಾಡಿಸತಕ್ಕದ್ದಲ್ಲ. ಟ್ರ್ಯಾಕ್ಟರಿಗೆ ಬೆಸುಗೆ ಹಾಕುವಾಗ ಬ್ಯಾಟರಿಯ ತಂತಿ ಬಿಚ್ಚಿಸಿ, ಭೂತಂತಿಯ ಚಿಮಟವನ್ನು ಬೆಸೆಯುವ ಜಾಗದ ಬದಿಗೇ ಹಿಡಿಸಬೇಕು.

ಹಾಗಾದರೆ ಬೇಸಗೆಯಲ್ಲಿ ಮಾಡಿಸಿದರಾಯಿತು ಎನ್ನುವಿರಿ. ಬೇಸಗೆಯಲ್ಲಿ ಬೆಂಕಿಯ ಭಯ. ತೊಗರಿಕಟ್ಟಿಗೆ, ಜೋಳದ ಕಣಿಕೆಯ ಬಣವಿ, ಸೋಯಾಬೀನಿನ ಹೊಟ್ಟು ಮನೆಯ ಮಗ್ಗುಲಿಗೇ ಇರುವ ಕಾಲ ಅದು. ಕಿಡಿ ೩೫ ಅಡಿ ದೂರ ಹಾರಬಲ್ಲದು. ಅದು ಹೊಟ್ಟಿನೊಳಗೆ ಹೊಕ್ಕರೆ ಕೂಡಲೆ ಉರಿಯುವದಿಲ್ಲ. ಒಳಗೊಳಗೇ ಹೊಗೆಯಾಡಿ, ಬೆಸುಗೆಗಾರ ಹಣ ತೆಗೆದುಕೊಂಡು ಹೋದ ಮೇಲೆ ಏಳುತ್ತದೆ. ಎರಡು ಕೊಡ ನೀರು, ಒಂದು ಬುಟ್ಟಿ ಮಣ್ಣು ಬದಿಗಿರಲಿ. ಕೆಲಸ ಮುಗಿದ ಮೇಲೆ ಕಡಿಮೆಯೆಂದರೂ ಅರ್ಧ ಗಂಟೆ ಮನೆಯವರಲ್ಲಿ ಒಬ್ಬರು ಅಲ್ಲಿಯೇ ಕೂಡಬೇಕು.

ಡೀಜೆಲ್, ಪೆಟ್ರೋಲ್ ಅಥವಾ ಕೀಟನಾಶಕ ತುಂಬಿದ್ದ ಪೀಪಾಯಿಗೆ ಬೆಸುಗೆ ಬೇಡವೇ ಬೇಡ. ಖಾಲಿಯಾಗಿದೆಯಲ್ಲ ಎಂದು ಜನ ಧೈರ್ಯ ಮಾಡುತ್ತಾರೆ. ತುಂಬಿದ ಪೀಪಾಯಿಗಿಂತ ಖಾಲಿ ಪೀಪಾಯಿಯೇ ಘಾತಕ. ಒಳಗೆ ಆವಿಯೂ ಗಾಳಿಯೂ ಬೆರೆತು ನಿಂತಿರುತ್ತವೆ, ಕಿಡಿ ತಗಲಿದರೆ ಸಿಡಿಮದ್ದಿನಂತೆ ಸಿಡಿಯುತ್ತದೆ. ಒಮ್ಮೆ ನೀರಿನಿಂದ ತೊಳೆದರೆ ಆ ಆವಿ ಹೋಗುವದಿಲ್ಲ. ನೀರಿನ ತೊಟ್ಟಿ ಬೇಕಿದ್ದರೆ ಹೊಸದನ್ನೇ ಕೊಳ್ಳಿರಿ.

ಮಕ್ಕಳ ವಿಷಯ ಹೇಳದಿದ್ದರೆ ಶಾಲೆಯ ಮಾಸ್ತರರಾದ ನಮಗೆ ಸಮಾಧಾನವಾಗದು. ನೀಲಿ ಬೆಳಕು ಕಂಡರೆ ಓಣಿಯ ಮಕ್ಕಳೆಲ್ಲ ಸುತ್ತ ನೆರೆಯುತ್ತವೆ. ಆ ಹೊತ್ತಿಗೆ ಏನೂ ಆಗುವದಿಲ್ಲ. ಆರು ಗಂಟೆಯಿಂದ ಹನ್ನೆರಡು ಗಂಟೆಯ ಮೇಲೆ, ನಟ್ಟಿರುಳಿನಲ್ಲಿ, ಕಣ್ಣಿಗೆ ಮರಳು ತುಂಬಿದಂತಾಗಿ ಹುಡುಗ ಅಳತೊಡಗುತ್ತಾನೆ. ಮರುದಿನ ಶಾಲೆಯಲ್ಲಿ ಕೆಂಗಣ್ಣಿನ ನಾಲ್ಕಾರು ಹುಡುಗರು ಒಟ್ಟಿಗೆ ಕಂಡರೆ, ಯಾರ ಮನೆಯಲ್ಲಿ ಗೇಟು ಕೂಡಿಸಿದರೆಂದು ನಾವು ಕೇಳುವದೇ ಬೇಡ. ತಣ್ಣೀರಿನ ಬಟ್ಟೆ ಹಾಕಿ ಕತ್ತಲೆಯಲ್ಲಿ ಮಲಗಿಸಿದರೆ ಬಹಳ ಮಾಡಿ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ಹಾಲು, ಬಟಾಟೆಯ ರಸ, ಎಲೆಯ ರಸ ಯಾವದನ್ನೂ ಕಣ್ಣಿಗೆ ಹಿಂಡಬಾರದು. ನೋವು ನಿಲ್ಲದಿದ್ದರೆ ತಾಲೂಕಿನ ದವಾಖಾನೆಗೆ ಕರೆದೊಯ್ಯಬೇಕು. ಗ್ರೈಂಡರಿನ ಕಬ್ಬಿಣದ ಚೂರು ಕಣ್ಣಿಗೆ ಹೊಕ್ಕಿದ್ದರೆ ಅದೇ ದಿನ ಹೋಗಬೇಕು. ಸುತ್ತಲೂ ಒಂದು ಹಳೆಯ ತಗಡು ನಿಲ್ಲಿಸಿ ಮರೆ ಮಾಡಲು ಖರ್ಚೇನು ಬೀಳುವದಿಲ್ಲ. ಬೆಸುಗೆಗಾರನೂ ಮನುಷ್ಯನೇ. ಬಿಸಿಲಿನ ಚಾಳೀಸು ಹಾಕಿಕೊಂಡು ಬೆಸೆಯುವವನಿಗೆ ಹತ್ತನೆಯ ಅಥವಾ ಹನ್ನೊಂದನೆಯ ನಂಬರಿನ ಕಪ್ಪು ಗಾಜು ಇದ್ದ ಮುಖವಾಡ ತರಲು ಹೇಳಿರಿ. ಸತುವು ಬಳಿದ ನೀರಿನ ನಳಿಗೆಗೆ ಬೆಸುಗೆ ಹಾಕುವಾಗ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವನಿಗೆ ರಾತ್ರಿ ಚಳಿಜ್ವರ. ಬೆಸೆಯುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಬೇಕು. ಬೆಲ್ಲ ತಿಂದರೆ ಹೊಗೆ ಹತ್ತದೆಂಬ ಮಾತನ್ನು ನಂಬಿ ಕೂಡಬಾರದು.

ಒಕ್ಕಲುತನದ ಸಾಮಾನುಗಳಲ್ಲಿ ಎಲ್ಲವೂ ಬೆಸುಗೆಗೆ ಒಗ್ಗುವದಿಲ್ಲ. ಮೇವು ಕತ್ತರಿಸುವ ಯಂತ್ರದ ಗಾಲಿ, ಪಂಪಿನ ಮೈ ಎರಕದ ಕಬ್ಬಿಣದವು. ಸಾದಾ ಕಡ್ಡಿಯಿಂದ ಬೆಸೆದರೆ ಬೆಸುಗೆಯ ಮಗ್ಗುಲಿಗೇ ಮತ್ತೆ ಬಿರಿಯುತ್ತವೆ. ತಟ್ಟೆಯಿಟ್ಟು ಬೋಲ್ಟು ಬಿಗಿಸುವದು ಅಥವಾ ಆ ಭಾಗವನ್ನೇ ಬದಲಿಸುವದು ಲೇಸು. ಕುಂಟೆಯ ಕುಡ, ನೇಗಿಲಿನ ಕುಳ ಗಟ್ಟಿ ಉಕ್ಕಿನವು. ಅವನ್ನು ಮೊದಲು ಕಾಸಿ, ಬೆಸೆದು, ಬೂದಿಯಲ್ಲಿ ಹೂಳಿ ಮೆಲ್ಲಗೆ ಆರಿಸಬೇಕು. ಅವಸರಕ್ಕೆ ನೀರು ಸುರುವಿದರೆ ಹೊಲದ ಮೊದಲ ಕಲ್ಲಿಗೇ ಮುರಿದಾವು. ಬಾಯಿ ಮಸೆದು ನೀರು ಕುಡಿಸುವ ಹದ ಮಾತ್ರ ಇಂದಿಗೂ ಕಂಬಾರನಿಗೇ ಗೊತ್ತು. ಆಯದ ಜೋಳ ಕೊಡುವ ಕಾಲ ಹೋಯಿತು, ಕುಲುಮೆಗಳು ಒಂದೊಂದಾಗಿ ಆರಿದವು. ನಿಮ್ಮೂರಲ್ಲಿ ಒಂದು ಉಳಿದಿದ್ದರೆ ಕುಡ, ಕುಳಗಳ ಕೆಲಸವನ್ನು ಅಲ್ಲಿಗೇ ಕೊಡಿರಿ. ೨೦೨೩ರ ಸಪ್ಟೆಂಬರದಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ೧೮ ಕಸುಬುಗಳಲ್ಲಿ ಕಂಬಾರಿಕೆಯೂ ಸೇರಿದೆ ಎಂಬದನ್ನೂ ಆತನಿಗೆ ತಿಳಿಸಿರಿ.

ಹಣದ ಮಾತನ್ನು ಕಡ್ಡಿ ಹೊತ್ತುವ ಮೊದಲೇ ಮುಗಿಸಬೇಕು. ದುರಸ್ತಿಗೆ ಕಡ್ಡಿಯ ಲೆಕ್ಕ ಇಲ್ಲವೆ ದಿನದ ಲೆಕ್ಕ. ಹೊಸ ಕೆಲಸಕ್ಕೆ ಕಿಲೋ ಲೆಕ್ಕ. ಕಿಲೋ ಲೆಕ್ಕದಲ್ಲಿ ತೂಕವನ್ನು ಮನೆಯಲ್ಲಿಯೇ ತೆಗೆಯಬಹುದು. ದುಂಡು ಸರಳಿನ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ೧೬೨ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. ೧೨ ಮಿಲಿಮೀಟರಿಗೆ ೧೪೪ನ್ನು ೧೬೨ರಿಂದ ಭಾಗಿಸಿ ೦.೮೯ ಕಿಲೋ. ಅದೇ ೧೨ರ ಚೌಕ ಸರಳು ಮೀಟರಿಗೆ ೧.೧೩ ಕಿಲೋ. ೧೨೦ ಸೆಂಟಿಮೀಟರ ಚೌಕದ ಕಿಟಕಿಗೆ, ಸುತ್ತಿನ ೪.೮ ಮೀಟರು, ಒಳಗಿನ ಒಂಬತ್ತು ಸರಳಿನ ೧೦.೮ ಮೀಟರು, ಕೂಡಿ ೧೫.೬ ಮೀಟರು, ತೂಕ ೧೭.೬ ಕಿಲೋ. ಬೆಸುಗೆಯ ಲೋಹ, ತಿರುಗಣಿ ಸೇರಿ ಸ್ವಲ್ಪ ಹೆಚ್ಚಾದೀತು, ಇಪ್ಪತ್ತೈದಂತೂ ಆಗದು. ಏಳನೆಯ ವರ್ಗದ ಹುಡುಗನ ಕೈಗೆ ಕೊಟ್ಟರೆ ಈ ಲೆಕ್ಕವನ್ನು ಸಂತೋಷದಿಂದ ಮಾಡುತ್ತಾನೆ.

ಟಾಕಾ ಎಂಬ ಶಬ್ದವನ್ನು ಬೆಸುಗೆಗಾರರು ಬಹಳ ಬಳಸುತ್ತಾರೆ. ಮರಾಠಿಯಲ್ಲಿ ಅದು ಹೊಲಿಗೆ. ಜೋಡಿಸುವಾಗ ಅಲ್ಲಲ್ಲಿ ಹಾಕುವ ಟಾಕಾ ಹಿಡಿದು ನಿಲ್ಲಿಸಲು ಮಾತ್ರ. ಭಾರ ಹೊರುವ ಕೂಡಿಗೆಗೆ ಪೂರ್ತಿ ಸಾಲು ಬೇಕು. ಬಣ್ಣ ಹಚ್ಚಿದ ಮೇಲೆ ಎರಡೂ ಒಂದೇ ತರಹ ಕಾಣುವದರಿಂದ, ಬಣ್ಣಕ್ಕೆ ಮೊದಲೇ ನೋಡಿಕೊಳ್ಳಬೇಕು. ಕಿಟ್ಟವನ್ನು ಸುತ್ತಿಗೆಯಿಂದ ಉದುರಿಸಲು ಹೇಳಿರಿ. ಸಾಲು ಎರಡೂ ಕಡೆಯ ಕಬ್ಬಿಣಕ್ಕೆ ಸರಿಯಾಗಿ ಹತ್ತಿರಬೇಕು. ಸೂಜಿಯ ತೂತುಗಳಿದ್ದರೆ ಕಡ್ಡಿ ತಂಪು ಹಿಡಿದಿತ್ತೆಂದು ತಿಳಿಯಿರಿ, ಅಲ್ಲಿ ಉಜ್ಜಿಸಿ ಮತ್ತೆ ಹಾಕಿಸಿರಿ. ನುಣುಪು ಮಾಡುವ ಹುರುಪಿನಲ್ಲಿ ಗ್ರೈಂಡರಿನಿಂದ ಬೆಸುಗೆಯನ್ನೇ ತಿಂದು ಹಾಕುವವರೂ ಇದ್ದಾರೆ. ಕೈಮರದ ಕೂಡಿಗೆಗೆ ನುಣುಪು ಬೇಕಿಲ್ಲ. ಎಲ್ಲ ನೋಡಿದ ಮೇಲೆ ಅದೇ ದಿನ ಕೆಂಪು ಪ್ರೈಮರ್, ಅದು ಒಣಗಿದ ಮೇಲೆ ಎರಡು ಕೈ ಎಣ್ಣೆಬಣ್ಣ. ಮಿರಗದ ಮಳೆಗೆ ಒಂದು ವಾರವಾದರೂ ಮುಂಚೆ ಇದು ಮುಗಿದಿರಲಿ.