ವಾರಕ್ಕೊಂದೇ ದಿನ: ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ತಿಳಿದು ನುಂಗೋಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಕೀಲುನೋವಿನ ಮಾತು ಕೇಳದ ಮನೆ ಕಡಿಮೆ. ದುಡಿದು ಸವೆದ ಮಂಡಿ ಅದಕ್ಕೊಂದು ಕಾರಣ. ಪಾವಗಡದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಇನ್ನೊಂದು. ವರ್ಷಗಟ್ಟಲೆ ಕುಡಿದವರ ಮೂಳೆಗೆ ಅದು ಸೇರಿ ಬೆನ್ನು, ಕುತ್ತಿಗೆಗಳು ಬಿಗಿಯುತ್ತವೆ. ಈ ಎರಡರ ನಡುವೆ ಕಣ್ತಪ್ಪಿ ಉಳಿಯುವ ಮೂರನೆಯ ಕಾಯಿಲೆ ರುಮಟಾಯ್ಡ್ ಸಂಧಿವಾತ. ಎರಡೂ ಕೈಗಳ ಬೆರಳಗೆಣ್ಣು, ಮಣಿಕಟ್ಟು ಊದುತ್ತವೆ. ಬೆಳಿಗ್ಗೆ ಎದ್ದಾಗ ಬಿಗಿದ ಕೈ ಸಡಿಲವಾಗಲು ಗಂಟೆಯೇ ಬೇಕಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ಕಡಲೆಕಾಯಿ ಸುಲಿಯುವ, ಹುಣಸೆಹಣ್ಣು ಬಿಡಿಸುವ, ಮುದ್ದೆ ಕಟ್ಟುವ ಕೈಗಳೇ ಸೋಲುತ್ತವೆ.

ರೋಗಾಣುವಿನ ಮೇಲೆ ಬೀಳಬೇಕಾದ ರಕ್ಷಣಾ ಕಣಗಳು ಇಲ್ಲಿ ಕಳೆ ಬಿಟ್ಟು ಪೈರನ್ನೇ ಕಿತ್ತಂತೆ ನಮ್ಮದೇ ಕೀಲಿನ ಒಳಪೊರೆಯ ಮೇಲೆ ಬೀಳುತ್ತವೆ. ನೋವಿನ ಮಾತ್ರೆ ನೋವನ್ನಷ್ಟೇ ತಗ್ಗಿಸುತ್ತದೆ. ಮೂಳೆ ಸವೆಯುವುದು ಒಳಗೊಳಗೇ ಮುಂದುವರಿಯುತ್ತದೆ. ಅದನ್ನು ತಡೆಯಲು ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಮೆಥೊಟ್ರೆಕ್ಸೇಟ್.

ಇದರ ಹುಟ್ಟಿನಲ್ಲಿ ನಮ್ಮ ನೆರೆನಾಡಿನವರ ದುಡಿಮೆಯಿದೆ. 1895ರಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲವನ್ನೂ ಅದರ ಕೆಲಸಕ್ಕೆ ಅಡ್ಡ ನಿಲ್ಲುವ ರಾಸಾಯನಿಕಗಳನ್ನೂ ತಯಾರಿಸಿದ ತಂಡವನ್ನು ಮುನ್ನಡೆಸಿದರು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ಆ ಬಗೆಯ ಅಮಿನಾಪ್ಟೆರಿನ್‌ನಿಂದ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿದ್ದನ್ನು ವರದಿ ಮಾಡಿದರು. ಅದರ ಸೋದರ ಔಷಧ ಮೆಥೊಟ್ರೆಕ್ಸೇಟ್‌ಗೆ 1988ರಲ್ಲಿ ಅಮೆರಿಕದಲ್ಲಿ ಸಂಧಿವಾತಕ್ಕೂ ಒಪ್ಪಿಗೆ ಸಿಕ್ಕಿತು.

ಹಾಗಾಗಿ ಔಷಧದ ಚೀಟಿಯಲ್ಲಿ ‘ಕ್ಯಾನ್ಸರ್’ ಎಂದು ಕಂಡು ಹೆದರಬೇಕಿಲ್ಲ. ಕ್ಯಾನ್ಸರಿಗೆ ಕೊಡುವ ಪ್ರಮಾಣ ತೀರ ದೊಡ್ಡದಿರಬಹುದು. ಸಂಧಿವಾತಕ್ಕೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಸಾಕು. ಈ ಸಣ್ಣ ಪ್ರಮಾಣದಲ್ಲಿ ಅದು ಉರಿಯೂತ ತಣಿಸುವ ಅಡೆನೊಸಿನ್ ಎಂಬ ವಸ್ತುವನ್ನು ದೇಹದಲ್ಲಿ ಹೆಚ್ಚಿಸುತ್ತದೆ. ಗುಣ ಕಾಣಲು 6ರಿಂದ 12 ವಾರ ಬೇಕು. ತಿಂಗಳಲ್ಲೇ ಬೇಸತ್ತು ಬಿಟ್ಟವರಿಗೆ ಅದರ ಫಲ ದಕ್ಕುವುದಿಲ್ಲ.

ಅಡ್ಡಪರಿಣಾಮಗಳ ಬೇರೂ ಈ ಔಷಧ ಫೋಲಿಕ್ ಆಮ್ಲದ ಕೆಲಸಕ್ಕೆ ಅಡ್ಡ ನಿಲ್ಲುವುದರಲ್ಲೇ ಇದೆ. ಹೊಸ ಜೀವಕೋಶ ಹುಟ್ಟಲು ಈ ವಿಟಮಿನ್ ಬೇಕು. ಬಾಯಿಯ ಒಳಪದರ, ಕರುಳು, ಕೂದಲ ಬುಡ, ಮೂಳೆಯೊಳಗಿನ ಮಜ್ಜೆ ಬೇಗಬೇಗ ಹೊಸ ಕೋಶ ಹುಟ್ಟಿಸುವ ಜಾಗಗಳು. ಆದ್ದರಿಂದಲೇ ಬಾಯಿಹುಣ್ಣು, ವಾಕರಿಕೆ, ಕೂದಲು ಉದುರುವುದು, ರಕ್ತಕಣ ಇಳಿಯುವುದು. ಇವನ್ನು ತಗ್ಗಿಸಲೆಂದೇ ವೈದ್ಯರು ಬೇರೆ ದಿನ ನುಂಗಲು ಫೋಲಿಕ್ ಆಮ್ಲದ ಮಾತ್ರೆ ಬರೆಯುತ್ತಾರೆ. ಅದರಿಂದ ಸಂಧಿವಾತದ ಚಿಕಿತ್ಸೆ ಕೆಡುವುದಿಲ್ಲ.

ನಿಜವಾದ ಅಪಾಯ ದಿನದ ಲೆಕ್ಕ ತಪ್ಪಿದಾಗ ಬರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ದಿನವೂ ನುಂಗಿ ರೂಢಿಯಾದವರು ಇದನ್ನೂ ಹಾಗೆಯೇ ನುಂಗಿದರೆ ಮಜ್ಜೆ ಸೊರಗಿ, ಬಾಯಿ ತುಂಬ ಹುಣ್ಣೆದ್ದು, ಜೀವಕ್ಕೇ ಕುತ್ತು ಬರಬಹುದು. ಹೆಸರುಗಳೂ ಎಡವಿಸುತ್ತವೆ: ಫಾಲಿಟ್ರ್ಯಾಕ್ಸ್ ಮೆಥೊಟ್ರೆಕ್ಸೇಟ್, ಫಾಲ್ವೈಟ್ ಫೋಲಿಕ್ ಆಮ್ಲ. ಆದ್ದರಿಂದ ದಿನವನ್ನು ಗೊತ್ತು ಮಾಡಿಕೊಳ್ಳಿ. ಊರ ಸಂತೆಯ ದಿನವೇ ಆದರೆ ಮರೆಯುವುದಿಲ್ಲ. ಆ ದಿನದ ಹೆಸರನ್ನು ವೈದ್ಯರ ಚೀಟಿಯಲ್ಲೂ ಮಾತ್ರೆಯ ಪಟ್ಟಿಯ ಮೇಲೂ ಬರೆಸಿ. ಓದು ಬಾರದ ಹಿರಿಯರಿದ್ದರೆ ಮನೆಯ ಒಬ್ಬರು ಈ ಹೊಣೆ ಹೊರಲಿ. ತಪ್ಪಿ ಹೆಚ್ಚು ನುಂಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಫೋಲಿನಿಕ್ ಆಮ್ಲ ಎಂಬ ಮದ್ದು ಬೇಗ ಸಿಕ್ಕಷ್ಟೂ ಒಳ್ಳೆಯದು.

ಶುರುವಿನಲ್ಲಿ 2ರಿಂದ 4 ವಾರಕ್ಕೊಮ್ಮೆ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಕಣ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆ ಬೇಕು. ತಜ್ಞರನ್ನು ಕಾಣಲು ತುಮಕೂರಿಗೋ ಬೆಂಗಳೂರಿಗೋ ಹೋಗುವವರು ಈ ರಕ್ತಪರೀಕ್ಷೆಗಳನ್ನು ತಾಲ್ಲೂಕಿನಲ್ಲೇ ಮಾಡಿಸಿ ವರದಿ ತೋರಿಸಬಹುದೇ ಎಂದು ಕೇಳಿಕೊಳ್ಳಲಿ. ಬಸ್ಸಿನ ಖರ್ಚಿಗೆ ಅಂಜಿ ಪರೀಕ್ಷೆ ಬಿಡುವುದು ಬೇಡ. ಈ ಔಷಧ ಹೊರಬೀಳುವುದು ಮೂತ್ರಪಿಂಡದ ಮೂಲಕ. ವಾಂತಿ ಭೇದಿಯಾಗಿ ದೇಹ ಒಣಗಿದಾಗ ಅದು ಒಳಗೇ ಉಳಿಯುವುದರಿಂದ ಆ ವಾರದ ಮಾತ್ರೆಯ ಬಗ್ಗೆ ಮೊದಲು ವೈದ್ಯರನ್ನು ಕೇಳಿ.

ಜ್ವರ, ಒಣಕೆಮ್ಮು, ಏದುಸಿರು ಬಂದರೆ ತಡಮಾಡದೆ ತೋರಿಸಿ. ಅದು ಔಷಧದಿಂದ ಶ್ವಾಸಕೋಶಕ್ಕಾದ ತೊಂದರೆಯಿರಬಹುದು, ಸೋಂಕಿರಬಹುದು, ಕ್ಷಯವೂ ಇರಬಹುದು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಮಾತ್ರೆಗಳೂ ಅಪಾಯ ತರಬಲ್ಲವು. ಮುಖ್ಯವಾಗಿ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಮಜ್ಜೆ ಕುಸಿಯಬಹುದು. ಮದ್ಯ ಯಕೃತ್ತಿಗೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಗರ್ಭಿಣಿಯರು ಇದನ್ನು ನುಂಗಲೇಬಾರದು. ಮಗು ಬೇಕೆನ್ನುವವರು ತಿಂಗಳುಗಳ ಮೊದಲೇ ವೈದ್ಯರಿಗೆ ಹೇಳಿದರೆ ಬೇರೆ ಔಷಧಗಳಿವೆ. ಈ ಮಾತನ್ನು ಅತ್ತೆ, ಗಂಡ ಇಬ್ಬರೂ ತಿಳಿದಿರಬೇಕು.

ಇಷ್ಟೆಲ್ಲ ಕೇಳಿ ಭಯಪಟ್ಟು ಮಾತ್ರೆ ಬಿಟ್ಟು, ಹೆಸರಿಲ್ಲದ ಪುಡಿಗಳ ಮೊರೆಹೋದರೆ ಬೆರಳು ಸೊಟ್ಟಗಾಗುವುದು ನಿಲ್ಲದು. ಒಮ್ಮೆ ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ದಿನ ತಪ್ಪದೆ, ಪರೀಕ್ಷೆ ಬಿಡದೆ ನುಂಗಿದ ಅನೇಕರು ಹೊಲಕ್ಕೂ ಅಡುಗೆಮನೆಗೂ ಮರಳಿದ್ದಾರೆ. ಅಡ್ಡಪರಿಣಾಮ ಕಂಡರೆ ಪ್ರಮಾಣ ಇಳಿಸಬಹುದು, ಇಂಜೆಕ್ಷನ್ ಕೊಡಬಹುದು, ಔಷಧವನ್ನೇ ಬದಲಿಸಬಹುದು. ಆ ತೀರ್ಮಾನವನ್ನು ವೈದ್ಯರ ಜೊತೆ ಕೂತು ಮಾಡಿ, ಒಬ್ಬರೇ ಮಾಡಬೇಡಿ.