ಟ್ರೈಲರ್ ಎಳೆಯುವ ಲಾರಿ: ಉದ್ದದ ಆಯ್ಕೆಯಲ್ಲಿ ಲಾಭ-ನಷ್ಟದ ಲೆಕ್ಕ

ಭಾರವಾದ ಸರಕಿನ ಸಾಗಾಟ ಉಡುಪಿ ಸೀಮೆಗೆ ಹೊಸತಲ್ಲ. ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದ 39 ಅಡಿ ಎತ್ತರದ ಬಾಹುಬಲಿ ವಿಗ್ರಹವು 1973ರಲ್ಲಿ ಅನೇಕ ಗಾಲಿಗಳ ಟ್ರೈಲರಿನ ಮೇಲೆ ಮಲಗಿ ಧರ್ಮಸ್ಥಳಕ್ಕೆ ಪಯಣಿಸಿತು. ಪಡುಬಿದ್ರಿಯಲ್ಲಿ ತಯಾರಾದ ಗಾಳಿಯಂತ್ರದ ರೆಕ್ಕೆಗಳು ಹೆದ್ದಾರಿಯಲ್ಲಿ ನಿಧಾನವಾಗಿ ಸಾಗಿದ್ದನ್ನು ಕಾಪು ಪರಿಸರದ ಜನರು ಕಂಡಿದ್ದಾರೆ. ಇವು ವಿಶೇಷ ಸಂದರ್ಭಗಳು. ಗೇರುಬೀಜ, ಶಿಲೆ, ಯಂತ್ರೋಪಕರಣ ಮುಂತಾದ ನಿತ್ಯದ ಸರಕನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ಮುಟ್ಟಿಸಲು ಸ್ವಂತ ಟ್ರೈಲರ್ ಕೊಳ್ಳಬಯಸುವ ಸಣ್ಣ ಉದ್ಯಮಿಗೆ ಎದುರಾಗುವ ಪ್ರಶ್ನೆ ಬೇರೆ. ಎಳೆಯುವ ಲಾರಿ ಎಷ್ಟು ಉದ್ದವಿರಬೇಕು? ಬ್ಯಾಂಕಿನ ಸಾಲ ಪಡೆದು ವಾಹನ ಕೊಂಡ ಮೇಲೆ ಅಳತೆ ತಪ್ಪಿದೆಯೆಂದು ತಿಳಿದರೆ ಅದನ್ನು ಸರಿಪಡಿಸುವುದು ಬಹು ದುಬಾರಿಯ ಕೆಲಸ.

ಐದನೆಯ ಚಕ್ರವೆಂದರೇನು?

ಎಳೆಯುವ ಲಾರಿಯ ಚಾಸಿಯ ಮೇಲೆ, ಹಿಂದಿನ ಆಕ್ಸಲ್ಲಿನ ಸಮೀಪದಲ್ಲಿ, ಗ್ರೀಸು ಸವರಿದ ದಪ್ಪ ಉಕ್ಕಿನ ತಟ್ಟೆಯೊಂದಿರುತ್ತದೆ. ಟ್ರೈಲರಿನ ಅಡಿಯಲ್ಲಿರುವ ಕಿಂಗ್‌ಪಿನ್ ಅದರ ಸೀಳಿನೊಳಗೆ ಬಂದು ಬೀಗಗೊಳ್ಳುತ್ತದೆ. ಈ ತಟ್ಟೆಗೆ ಫಿಫ್ತ್ ವ್ಹೀಲ್ ಎಂದು ಹೆಸರು. ಕುದುರೆಗಾಡಿಗಳ ಮುಂದಿನ ಅಚ್ಚಿನ ಮೇಲೆ ಅಡ್ಡಲಾಗಿ ಇರುತ್ತಿದ್ದ ತಿರುಗುಗಾಲಿಯಿಂದ ಈ ಹೆಸರು ಬಂದಿದೆ. ಕಿಂಗ್‌ಪಿನ್ 50 ಮಿಲಿಮೀಟರ್ ಹಾಗೂ 90 ಮಿಲಿಮೀಟರ್ ಎಂಬ ಎರಡು ಅಳತೆಗಳಲ್ಲಿ ಬರುತ್ತದೆ. ಲಾರಿ ಮತ್ತು ಟ್ರೈಲರನ್ನು ಬೇರೆ ಬೇರೆ ಕಡೆ ಕೊಳ್ಳುವವರು ಇವು ಹೊಂದುತ್ತವೆಯೇ ಎಂಬುದನ್ನು ಮೊದಲು ನೋಡಬೇಕು.

ತಿರುವಿನಲ್ಲಿ ಮೂಲೆಯ ಹೊಡೆತ

ಟ್ರೈಲರಿನ ಅಗಲ 2.6 ಮೀಟರ್, ಅದರ ಮುಂಭಾಗದಿಂದ ಕಿಂಗ್‌ಪಿನ್ನಿಗೆ ಇರುವ ದೂರ 1.2 ಮೀಟರ್ ಎಂದಿಟ್ಟುಕೊಳ್ಳೋಣ. ನೇರ ರಸ್ತೆಯಲ್ಲಿ ಕ್ಯಾಬಿನ್ನಿನ ಹಿಂಗೋಡೆ ಕಿಂಗ್‌ಪಿನ್ನಿನಿಂದ ಒಂದೂವರೆ ಮೀಟರ್ ದೂರದಲ್ಲಿದ್ದರೂ ಸಾಕೆನಿಸುತ್ತದೆ. ಆದರೆ ಲಾರಿ ತಿರುಗಿದಾಗ ಟ್ರೈಲರಿನ ಮುಂದಿನ ಮೂಲೆಯು ವೃತ್ತಾಕಾರದಲ್ಲಿ ಚಲಿಸುತ್ತದೆ. ಅರ್ಧ ಅಗಲವಾದ 1.3 ಮೀಟರ್ ಮತ್ತು 1.2 ಮೀಟರ್‌ಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಆ ವೃತ್ತದ ತ್ರಿಜ್ಯ ಸುಮಾರು 1.77 ಮೀಟರ್ ಆಗುತ್ತದೆ. ಅಂದರೆ ಒಂದೂವರೆ ಮೀಟರಿನ ಅಂತರವಿರುವ ಲಾರಿಯಲ್ಲಿ ಮೊದಲ ಬಿಗಿ ತಿರುವಿನಲ್ಲಿಯೇ ಮೂಲೆಯು ಕ್ಯಾಬಿನ್ನಿಗೆ ಬಡಿಯುವುದು ನಿಶ್ಚಿತ. ಏರುತಗ್ಗಿನ ಓಲಾಟವನ್ನೂ ಗಾಳಿ ಬ್ರೇಕಿನ ಕೊಳವೆಗಳನ್ನೂ ಗಮನಿಸಿ, ತ್ರಿಜ್ಯಕ್ಕಿಂತ ಹೆಚ್ಚಿನ ಜಾಗವನ್ನು ಬಿಡಬೇಕಾಗುತ್ತದೆ.

ಅಮೆರಿಕದಲ್ಲಿ ಪಿಕಪ್ ವಾಹನಗಳಿಂದಲೇ ಇಂತಹ ಟ್ರೈಲರನ್ನು ಎಳೆಯುವವರಿಗೂ ಇದೇ ಸಮಸ್ಯೆ. ಎಂಟು ಅಡಿಯ ಪೆಟ್ಟಿಗೆ ಇದ್ದರೆ ಚಿಂತೆ ಕಡಿಮೆ. ಆರೂವರೆ ಅಡಿಯದಾದರೆ, ಬಿಗಿ ತಿರುವಿನಲ್ಲಿ ಹಿಂದಕ್ಕೆ ಜಾರುವ ಜೋಡಣೆಯನ್ನು ಅಳವಡಿಸಿಕೊಳ್ಳುವವರು ಬಹಳ.

ತಟ್ಟೆಯನ್ನು ಹಿಂದಕ್ಕೆ ಸರಿಸಬಹುದೇ?

ಕ್ಯಾಬಿನ್ನಿನ ಅಂತರ ಸಾಲದಿದ್ದರೆ ತಟ್ಟೆಯನ್ನು ಹಿಂದಕ್ಕೆ ಸರಿಸುವ ಸಲಹೆ ವರ್ಕ್‌ಶಾಪ್‌ಗಳಲ್ಲಿ ಕೇಳಿಬರುವುದುಂಟು. ಇದು ಅಪಾಯಕರ. ಎರಡು ಆಕ್ಸಲ್ಲಿನ ಲಾರಿಯ ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ 3.5 ಮೀಟರ್ ಅಂತರವಿದ್ದು, ತಟ್ಟೆಯು ಹಿಂದಿನ ಆಕ್ಸಲ್ಲಿಗಿಂತ ಅರ್ಧ ಮೀಟರ್ ಮುಂದಿದ್ದರೆ, ಅದರ ಮೇಲಿನ 10 ಟನ್ನು ಭಾರದಲ್ಲಿ ಸುಮಾರು 1.4 ಟನ್ನು ಮುಂದಿನ ಆಕ್ಸಲ್ಲಿಗೆ ವರ್ಗವಾಗುತ್ತದೆ. ತಟ್ಟೆಯು ಆಕ್ಸಲ್ಲಿನ ನೇರಕ್ಕೆ ಬಂದರೆ ಮುಂಭಾಗಕ್ಕೆ ಏನೂ ಸಿಗದು. ಅದಕ್ಕೂ ಹಿಂದೆ ಹೋದರೆ ಮುಂಭಾಗವು ಹಗುರವಾಗಿ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಕರಾವಳಿಯ ಮಳೆಗಾಲದಲ್ಲಿ, ಶಿರಾಡಿಯಂತಹ ಘಾಟಿಯ ಏರಿನಲ್ಲಿ, ಇದರ ಪರಿಣಾಮವನ್ನು ಊಹಿಸಬಹುದು. ಆದುದರಿಂದ ಕ್ಯಾಬಿನ್ ಮತ್ತು ಆಕ್ಸಲ್ಲಿನ ನಡುವೆ ಸಾಕಷ್ಟು ಉದ್ದವಿರುವ ಲಾರಿಯನ್ನೇ ಆರಿಸುವುದು ಸರಿಯಾದ ಮಾರ್ಗ.

ಹಾಗೆಂದು ಉದ್ದ ಹೆಚ್ಚಿದಷ್ಟೂ ಒಳಿತೆಂದಲ್ಲ. ತಟ್ಟೆಯ ಹಿಂದೆ ಚಾಸಿ ಹೆಚ್ಚು ಚಾಚಿದ್ದರೆ ತಿರುವಿನಲ್ಲಿ ಅದರ ಮೂಲೆಯು ಟ್ರೈಲರಿನ ಆಧಾರಗಾಲುಗಳಿಗೆ ತಗಲುತ್ತದೆ. ಲಾರಿ-ಟ್ರೈಲರುಗಳ ಉದ್ದ ಬೆಳೆದಂತೆ ಹಿಂದಿನ ಗಾಲಿಗಳು ತಿರುವಿನ ಒಳಬದಿಯನ್ನು ಹೆಚ್ಚು ಕತ್ತರಿಸುತ್ತವೆ. ಮಣಿಪಾಲದ ಇಳಿಜಾರು ರಸ್ತೆಗಳಲ್ಲಿಯೂ ಕಾರ್ಖಾನೆಗಳ ಕಿರಿದಾದ ಗೇಟುಗಳಲ್ಲಿಯೂ ಇದು ದಿನನಿತ್ಯದ ತಾಪತ್ರಯವಾಗಬಲ್ಲುದು. 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯಂತೂ ಭಾರಿ ವಾಹನಗಳಿಗೆ ನಿಷಿದ್ಧ.

ಸರಕೇ ಅಳತೆಗೋಲು

20 ಅಡಿಯ ಕಂಟೇನರಿನ ಉದ್ದ 6.06 ಮೀಟರ್, 40 ಅಡಿಯದರ ಉದ್ದ 12.19 ಮೀಟರ್. ಗೇರು ತಿರುಳಿನ ರಫ್ತಿನಲ್ಲಿ 22.68 ಕಿಲೋಗ್ರಾಂ ತೂಕದ 700 ಪೆಟ್ಟಿಗೆಗಳನ್ನು 20 ಅಡಿ ಕಂಟೇನರಿಗೆ ತುಂಬುವುದು ರೂಢಿ. ಸರಕಿನ ತೂಕ 15.88 ಟನ್ನು, ಕಂಟೇನರ್ ಸೇರಿ ಸುಮಾರು 18 ಟನ್ನು. ಇಂತಹ ಎರಡು ಕಂಟೇನರುಗಳು 40 ಅಡಿಯ ಟ್ರೈಲರಿನಲ್ಲಿ ಸುಲಭವಾಗಿ ಕೂರುತ್ತವೆ. ಆದರೆ 36 ಟನ್ನಿಗೆ ವಾಹನದ ಸ್ವಂತ ತೂಕ ಸುಮಾರು 14 ಟನ್ನು ಸೇರಿದರೆ ಒಟ್ಟು 50 ಟನ್ನಾಗುತ್ತದೆ. ಕೇಂದ್ರ ಸರಕಾರದ ಜುಲೈ 2018ರ ಅಧಿಸೂಚನೆಯಂತೆ ಮುಂದಿನ ಆಕ್ಸಲ್ಲಿಗೆ 7, ನಾಲ್ಕು ಟಯರಿನ ಒಂಟಿ ಆಕ್ಸಲ್ಲಿಗೆ 11.5, ಜೋಡಿ ಆಕ್ಸಲ್ಲಿಗೆ 21, ಮೂರು ಆಕ್ಸಲ್ಲಿನ ಗುಂಪಿಗೆ 27 ಟನ್ನು ಮಿತಿ. ಎರಡು ಆಕ್ಸಲ್ಲಿನ ಲಾರಿಗೆ ಮೂರು ಆಕ್ಸಲ್ಲಿನ ಟ್ರೈಲರ್ ಸೇರಿದರೆ 45.5 ಟನ್ನು ಮಾತ್ರ. ಉದ್ದ ಹೊಂದಿದರೂ ತೂಕ ಹೊಂದುವುದಿಲ್ಲ. 55 ಟನ್ನಿನ, ಮೂರು ಆಕ್ಸಲ್ಲಿನ ಲಾರಿಯೇ ಬೇಕು.

ಶಿಲೆಯ ವ್ಯಾಪಾರಿಗಳ ಲೆಕ್ಕ ಇನ್ನೂ ಸ್ಪಷ್ಟ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ನು ತೂಗುತ್ತದೆ. 10 ಘನ ಮೀಟರಿಗೇ 27 ಟನ್ನು. ಇವರಿಗೆ ಉದ್ದದ ಟ್ರೈಲರಿಗಿಂತ ಗಿಡ್ಡ, ಗಟ್ಟಿಮುಟ್ಟಾದ ಟ್ರೈಲರೇ ಹಿತ. ಮಿತಿ ಮೀರಿದರೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಸರಕು ವಾಹನದಿಂದ ಹೊರಚಾಚಿದ್ದರೂ 20,000 ರೂಪಾಯಿ ದಂಡವುಂಟು.

ಖರೀದಿಗೆ ಮುನ್ನ

ಕ್ಯಾಬಿನ್ನಿನಿಂದ ತಟ್ಟೆಯ ಮಧ್ಯಕ್ಕೆ ಇರುವ ದೂರ, ಟ್ರೈಲರಿನ ಮೂಲೆಯ ತ್ರಿಜ್ಯ, ತಟ್ಟೆಯಿಂದ ಚಾಸಿಯ ಕೊನೆಗೆ ಇರುವ ದೂರ, ಕಿಂಗ್‌ಪಿನ್ನಿನಿಂದ ಆಧಾರಗಾಲಿಗೆ ಇರುವ ದೂರ, ಈ ನಾಲ್ಕು ಅಳತೆಗಳನ್ನು ಮಾರಾಟಗಾರರಿಂದ ಬರೆಹದಲ್ಲಿ ಪಡೆಯಬೇಕು. ಟ್ರೈಲರಿಗೆ ಪ್ರತ್ಯೇಕ ನೋಂದಣಿಯಿರುವುದರಿಂದ ಎರಡೂ ನೋಂದಣಿ ಪತ್ರಗಳ ತೂಕವನ್ನು ತಾಳೆ ನೋಡಬೇಕು. ತಮ್ಮ ಕಾರ್ಖಾನೆಯ ಗೇಟು ಹಾಗೂ ಅಂಗಳವನ್ನು ಟೇಪು ಹಿಡಿದು ಅಳೆಯಬೇಕು. ಅರ್ಧ ದಿನದ ಈ ಶ್ರಮವು ಹತ್ತಾರು ವರ್ಷ ದುಡಿಯಬೇಕಾದ ಬಂಡವಾಳವನ್ನು ಕಾಪಾಡುತ್ತದೆ.